ಗುಡ್ಡಕ್ಕೆ ಹೋದದ್ದೇ ಕಾರಣವೇ?

ನನ್ನ ಬಳಿ ಸಲಹೆಗೆ ಬಂದ ಬೆಟಗೇರಿಯ ನೇಕಾರ ಮನೆತನದ ಈ ಸೊಸೆಯನ್ನು ಇಲ್ಲಿ ಗಂಗಾ ಎಂದು ಕರೆಯುತ್ತೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಮೊದಲ ಗರ್ಭ ಒಂಬತ್ತನೆಯ ವಾರದಲ್ಲಿ ಹೋಗಿ ಎರಡು ತಿಂಗಳಾಗಿತ್ತು. ಗಂಡ ಜೊತೆಗೆ ಬಂದಿದ್ದರೂ ಹೊರಗಿನ ಬೆಂಚಿನ ಮೇಲೆಯೇ ಕುಳಿತಿದ್ದರು.

"ಅಕ್ಕಾವರೇ, ನಾನು ಗುಡ್ಡಕ್ಕೆ ಹೋಗದಿದ್ದರೆ ಕೂಸು ಉಳಿಯುತ್ತಿತ್ತೇ?" ಗಂಗಾ ಮೊದಲು ಕೇಳಿದ್ದು ಇದನ್ನು.

ಭರತ ಹುಣ್ಣಿಮೆಗೆ ಅತ್ತೆಯೇ ಅವರನ್ನು ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಕರೆದೊಯ್ದಿದ್ದರು. ಮರಳಿ ಬಂದ ನಾಲ್ಕನೆಯ ದಿನ ಬಟ್ಟೆಗೆ ಕಲೆ ಬಿತ್ತು, ಮರುದಿನ ಹೊಟ್ಟೆನೋವಿನೊಂದಿಗೆ ರಕ್ತ ಹೋಯಿತು. ಬಸ್ಸಿನ ಕುಲುಕಾಟವೇ ಕಾರಣ ಎಂದರು ಓಣಿಯವರು. ನೂಕುನುಗ್ಗಲಿಗೆ ಹೆದರಿ ದರ್ಶನ ಮಾಡದೆ ತಿರುಗಿ ಬಂದಿದ್ದಕ್ಕೆ ದೇವಿ ಮುನಿದಳು ಎಂದರು ಅತ್ತೆ. ಹೋಗಿದ್ದೂ ತಪ್ಪು, ತಿರುಗಿ ಬಂದದ್ದೂ ತಪ್ಪು. ಮೈದುನನ ಹೆಂಡತಿಯ ಕುಬುಸಕ್ಕೆ ಇವರನ್ನು ಮುಂದೆ ಬರಗೊಡಲಿಲ್ಲ.

ಸಮಾಧಾನದ ಮಾತು ಹೇಳುವ ಬದಲು ಅವರ ಚೀಲದಲ್ಲಿದ್ದ ಸ್ಕ್ಯಾನ್ ವರದಿಯನ್ನು ತೆಗೆಸಿದೆ. ಒಂಬತ್ತು ವಾರ ತುಂಬಿದ ಗರ್ಭದಲ್ಲಿ ಭ್ರೂಣದ ಅಳತೆ ಏಳು ವಾರದ್ದಾಗಿತ್ತು, ಹೃದಯ ಬಡಿತವಿರಲಿಲ್ಲ. ಅಂದರೆ ಬೆಳವಣಿಗೆ ಗುಡ್ಡದ ಬಸ್ ಹತ್ತುವ ಮೊದಲೇ ನಿಂತಿತ್ತು. ರಕ್ತ ಕಾಣಿಸಿದ್ದು ಮಾತ್ರ ಆಮೇಲೆ. ಗಂಡನನ್ನು ಒಳಗೆ ಕರೆದು ಆ ಸಾಲನ್ನು ಅವರ ಬಾಯಿಂದಲೇ ಓದಿಸಿದೆ. ಆರಂಭದ ವಾರಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧಕ್ಕೆ ವರ್ಣತಂತುಗಳ (ಕ್ರೋಮೋಸೋಮ್) ಏರುಪೇರೇ ಕಾರಣ. ಬಹುಪಾಲು ಅದು ಗರ್ಭ ಕಟ್ಟುವಾಗಲೇ ಆಗಿಹೋಗಿರುತ್ತದೆ. ಬಸ್ ಪ್ರಯಾಣ, ಮನೆಗೆಲಸ, ನೀರಿನ ಕೊಡ, ಯಾವುದೂ ಅದನ್ನು ಉಂಟುಮಾಡುವುದಿಲ್ಲ. ವರದಿ ಓದಿದ ಗಂಡ ಬಹಳ ಹೊತ್ತು ಮಾತನಾಡಲಿಲ್ಲ. ಮನೆಯಲ್ಲಿ ಈ ಮಾತನ್ನು ಹೇಳಬೇಕಾದವರು ನೀವು, ಗಂಗಾ ಅಲ್ಲ ಎಂದೆ. ಅತ್ತೆಯ ಎದುರು ಸೊಸೆ ತನ್ನ ಪರವಾಗಿ ವಾದಿಸುವ ಸ್ಥಿತಿ ಬರಬಾರದು.

ಒಂದು ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ. ಗರ್ಭಪಾತವಾದ ಉದ್ಯೋಗಸ್ಥ ಮಹಿಳೆಗೆ ಕಾಯ್ದೆಯಡಿ ಆರು ವಾರಗಳ ಸಂಬಳಸಹಿತ ರಜೆ ಇದೆ. ಮನೆಯ ಮಗ್ಗಕ್ಕೆ ಅಂಥ ಕಾಯ್ದೆ ಇಲ್ಲ. ಗಂಗಾ ಮೂರನೆಯ ದಿನವೇ ನೂಲಿನ ಕಂಡಿಕೆ ಸುತ್ತಲು ಕುಳಿತಿದ್ದರು. ಅಳಲೂ ಬಿಡುವಿರಲಿಲ್ಲ. ನಿದ್ದೆ ಬಾರದೆ, ಊಟ ಸೇರದೆ ಎರಡು ವಾರ ದಾಟಿದರೆ ಸುಮ್ಮನಿರಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು ಎಂದು ತಿಳಿಸಿದೆ.

ಮುಂದಿನ ಗರ್ಭದ ಬಗ್ಗೆ ಹಿರಿಯರು ವರ್ಷ ಕಾಯಿರಿ ಎಂದಿದ್ದರು. ಆರು ತಿಂಗಳು ಕಾಯಲು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೇಳಿದ್ದು ನಿಜ. ಆದರೆ ಬೇಗ ಗರ್ಭ ಧರಿಸಿದವರಿಗೆ ಅದರಿಂದ ಕೇಡಾಗಲಿಲ್ಲವೆಂದು ನಂತರದ ಅಧ್ಯಯನಗಳು ತೋರಿಸಿವೆ. ರಕ್ತ ಪೂರ್ತಿ ನಿಂತು ಒಂದು ಮುಟ್ಟು ಬಂದ ಮೇಲೆ, ಇಬ್ಬರಿಗೂ ಮನಸ್ಸಿದ್ದರೆ ಸಾಕು. ಮನಸ್ಸಿಲ್ಲದಿದ್ದರೆ ಗರ್ಭನಿರೋಧಕ ಬಳಸಬೇಕು, ಏಕೆಂದರೆ ಮೊದಲ ಮುಟ್ಟಿಗೆ ಮುಂಚೆಯೇ ಗರ್ಭ ನಿಲ್ಲಬಹುದು. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಗುಳಿಗೆಯನ್ನು ಈಗಿನಿಂದಲೇ ಶುರುಮಾಡುವುದು, ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ನೋಡಿಸುವುದು, ಗಂಡ ಗುಟ್ಕಾ ಬಿಡುವುದು. ಒಮ್ಮೆ ಗರ್ಭ ಹೋದ ಮಾತ್ರಕ್ಕೆ ದುಬಾರಿ ಪರೀಕ್ಷೆಗಳ ಸರಮಾಲೆ ಬೇಕಿಲ್ಲ. ಮರುಕಳಿಸಿದರೆ ಕಾರಣ ಹುಡುಕಬೇಕು.

ಶ್ರಾವಣ ಮುಗಿಯುವ ಹೊತ್ತಿಗೆ ಗಂಗಾ ಮತ್ತೆ ಗರ್ಭಿಣಿ. ಏಳನೆಯ ವಾರದಲ್ಲಿ ನಸುಕಂದು ಕಲೆ. ಫೋನಿನಲ್ಲಿ ಅವರ ದನಿ ನಡುಗುತ್ತಿತ್ತು. ಮೊದಲ ಮೂರು ತಿಂಗಳಲ್ಲಿ ಸುಮಾರು ನಾಲ್ವರು ಗರ್ಭಿಣಿಯರಲ್ಲಿ ಒಬ್ಬರಿಗೆ ರಕ್ತ ಕಾಣುತ್ತದೆ, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಗರ್ಭ ಮುಂದುವರಿಯುತ್ತದೆ ಎಂದು ಹೇಳಿ ಅದೇ ದಿನ ಸ್ಕ್ಯಾನ್‌ಗೆ ಕಳಿಸಿದೆ. ಬಡಿತ ಕಂಡಿತು. ಹಿಂದೆ ಗರ್ಭ ಹೋಗಿ ಈಗ ರಕ್ತ ಕಂಡಿದ್ದರಿಂದ ವೈದ್ಯರು ಗರ್ಭ ನಿಲ್ಲಲು ಬೇಕಾದ ಹಾರ್ಮೋನ್ ಪ್ರೊಜೆಸ್ಟರಾನ್ ಬರೆದರು. ಇಂಥವರಿಗೆ ಅದು ಸ್ವಲ್ಪ ನೆರವಾಗಬಹುದು. ನೆರೆಮನೆಯವರ ಚೀಟಿ ತೋರಿಸಿ ಯಾರೂ ಕೊಳ್ಳಬಾರದು. ಅತ್ತೆ ಹಾಸಿಗೆ ಬಿಟ್ಟೇಳಗೊಡುತ್ತಿರಲಿಲ್ಲ. ಮಲಗಿದರೆ ಗರ್ಭ ಉಳಿಯುತ್ತದೆ ಎಂಬುದಕ್ಕೆ ಆಧಾರವಿಲ್ಲ, ಓಡಾಡಲಿ, ಸುಸ್ತಾದರೆ ಒರಗಲಿ ಎಂದೆ.

ಆದರೆ ಈ ಲಕ್ಷಣಗಳಿಗೆ ಬೆಳಗಿನವರೆಗೆ ಕಾಯಬೇಡಿ ಎಂದು ಗಂಡನಿಗೆ ಬರೆದುಕೊಟ್ಟಿದ್ದೇನೆ: ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ, ಕಿಬ್ಬೊಟ್ಟೆಯ ಒಂದೇ ಬದಿಗೆ ತೀವ್ರ ನೋವು, ಭುಜದ ತುದಿಯಲ್ಲಿ ನೋವು, ಕಣ್ಣು ಕತ್ತಲಾಗುವುದು, ಜ್ವರ ಅಥವಾ ದುರ್ವಾಸನೆಯ ಸ್ರಾವ. ಗರ್ಭ ಗರ್ಭಕೋಶದ ಬದಲು ನಳಿಕೆಯಲ್ಲಿ ನಿಂತಿದ್ದರೆ ತಾಯಿಯ ಜೀವಕ್ಕೇ ಕುತ್ತು, 108ಕ್ಕೆ ಕರೆ ಮಾಡಬೇಕು. ರಕ್ತದ ಗುಂಪು ನೆಗೆಟಿವ್ ಇದ್ದವರಿಗೆ ರಕ್ತಸ್ರಾವ ಅಥವಾ ಗರ್ಭಪಾತವಾದಾಗ, ಮುಂದಿನ ಗರ್ಭಕ್ಕೆ ತೊಂದರೆಯಾಗದಂತೆ ಕೊಡುವ ಆಂಟಿ-ಡಿ ಚುಚ್ಚುಮದ್ದು ಬೇಕೇ ಎಂದು 72 ಗಂಟೆಯೊಳಗೆ ಕೇಳಬೇಕು. ಗಂಗಾ ಅವರದು ಪಾಸಿಟಿವ್.

ಈಗ ಹನ್ನೊಂದನೆಯ ವಾರ. ಬಚ್ಚಲಿಗೆ ಹೋದಾಗಲೆಲ್ಲ ಬಟ್ಟೆ ನೋಡಿಕೊಳ್ಳುವ ಭಯ ಅವರಿಗೆ ಹೋಗಿಲ್ಲ, ಬಿಡಿ ಎಂದು ನಾನೂ ಒತ್ತಾಯಿಸಿಲ್ಲ. ವಾರಕ್ಕೊಮ್ಮೆ ಫೋನಿನಲ್ಲಿ ಮಾತನಾಡುತ್ತೇವೆ. ಮುಂದಿನ ಸ್ಕ್ಯಾನ್‌ಗೆ ಅತ್ತೆಯೂ ಬರುತ್ತಾರಂತೆ; ಅವರೊಡನೆ ಬೇರೆಯಾಗಿ ಮಾತನಾಡಲು ಸಮಯ ಇಟ್ಟುಕೊಂಡಿದ್ದೇನೆ.