‘ಕಣ್ಮರೆ’ ಎಂಬ ಪದ ಬಿಟ್ಟು ಬರೆಯಿರಿ

ನಮಸ್ಕಾರ.

ನಿರ್ಬಂಧಗಳಿದ್ದರೂ ಇರಾನಿನ ಕಚ್ಚಾತೈಲ ಚೀನಾ ಮುಟ್ಟುವುದು ಹೇಗೆ ಎಂಬ ನಿಮ್ಮ ಲೇಖನ ಓದಿದೆ. ವಿಷಯ ಒಳ್ಳೆಯದು, ಬರವಣಿಗೆಗೆ ಓಟವಿದೆ. ಆದರೂ ಈಗಿರುವ ಹಾಗೆ ಪ್ರಕಟಿಸಲಾರೆ. ‘ಕಣ್ಮರೆ’ ಎಂಬ ಪದ ಏಳು ಕಡೆ ಬಂದಿದೆ. ಪ್ರತಿಸಲವೂ ಅದು ಬಂದಿರುವುದು ನೀವು ವಿವರ ಕೊಡಬೇಕಾಗಿದ್ದ ಜಾಗದಲ್ಲೇ.

ಮೊದಲ ವಾಕ್ಯ ನೋಡಿ: ‘ಚಾಬಹಾರ್ ಬಂದರಿನಲ್ಲಿ ತೈಲ ತುಂಬಿಕೊಂಡ ದೈತ್ಯ ಹಡಗು ರಾಡಾರ್‌ನಿಂದ ಕಣ್ಮರೆಯಾಗುತ್ತದೆ.’ 20 ಲಕ್ಷ ಬ್ಯಾರೆಲ್ ತುಂಬಿದ ಟ್ಯಾಂಕರ್‌ನ ತಳ ನೀರಿನೊಳಗೆ 20 ಮೀಟರಿಗೂ ಕೆಳಗಿರುತ್ತದೆ. ಚಾಬಹಾರ್‌ನ ಶಾಹಿದ್ ಬೆಹೆಷ್ತಿ ಟರ್ಮಿನಲ್‌ನಲ್ಲಿ ಸಿಗುವ ಆಳ ಸುಮಾರು 16 ಮೀಟರ್. ಅಲ್ಲಿನ ವಹಿವಾಟು ಕಂಟೇನರು, ಗೋಧಿಯಂಥ ಸರಕಿನದು. 2017ರಲ್ಲಿ ಭಾರತ ಅಫ್ಘಾನಿಸ್ತಾನಕ್ಕೆ ಗೋಧಿ ಕಳಿಸಿದ್ದು ಆ ದಾರಿಯಲ್ಲೇ. ಇರಾನಿನ ಕಚ್ಚಾತೈಲದ ಬಹುಪಾಲು ತುಂಬುವುದು ಪರ್ಷಿಯನ್ ಕೊಲ್ಲಿಯ ಖಾರ್ಗ್ ದ್ವೀಪದಲ್ಲಿ. ಹಾಗಾಗಿ ಆ ಟ್ಯಾಂಕರ್ ಕೊಲ್ಲಿಯ ಬಾಯಿಯಾದ ಹೋರ್ಮುಜ್ ಜಲಸಂಧಿ ದಾಟಲೇಬೇಕು. ಚಾಬಹಾರ್ ಇರುವುದು ಹೋರ್ಮುಜ್‌ನ ಹೊರಗೆ. ಬಂದರಿನ ಹೆಸರು ತಪ್ಪಿದ್ದರಿಂದ ನಿಮ್ಮ ಇಡೀ ದಾರಿಯೇ ತಪ್ಪಿದೆ.

ಇನ್ನು ರಾಡಾರ್. ಹಡಗಿನ ಸಿಬ್ಬಂದಿ ಬಂದ್ ಮಾಡುವುದು ಎಐಎಸ್ ಎಂಬ ಪ್ರಸಾರ ಯಂತ್ರವನ್ನು. ಹಡಗು ತಾನೇ ತನ್ನ ಗುರುತು, ಜಾಗ, ವೇಗ ಹೇಳಿಕೊಳ್ಳುವ ಯಂತ್ರ ಅದು. ಅದು ಸುಮ್ಮನಾದರೂ ರಾಡಾರ್‌ಗೆ ಉಕ್ಕಿನ ಒಡಲು ಕಾಣುತ್ತಲೇ ಇರುತ್ತದೆ. ಬಂದ್ ಮಾಡಿದರೆ ದಾಖಲೆಯಲ್ಲಿ ಖಾಲಿ ಜಾಗ ಉಳಿದು ಅನುಮಾನ ಹುಟ್ಟುತ್ತದೆಂದು ಈಗ ಹಲವರು ಬಂದ್ ಮಾಡುವುದೂ ಇಲ್ಲ, ಸುಳ್ಳು ಜಾಗ ಪ್ರಸಾರ ಮಾಡುತ್ತಾರೆ. ಖಾರ್ಗ್‌ನಲ್ಲಿ ತೈಲ ತುಂಬುತ್ತಿರುವ ಹಡಗು ನಕ್ಷೆಯ ಮೇಲೆ ಇರಾಕಿನ ಕರಾವಳಿಯಲ್ಲಿ ಲಂಗರು ಹಾಕಿ ನಿಂತಿರುತ್ತದೆ.

ಇದನ್ನು ಹಿಡಿಯುವ ಬಗೆಯೇ ನಿಮ್ಮ ಲೇಖನದ ಜೀವಾಳ ಆಗಬೇಕಿತ್ತು. ಲಂಗರು ಹಾಕಿದ ಹಡಗು ಉಬ್ಬರ ಇಳಿತಕ್ಕೆ ತಕ್ಕಂತೆ ಮುಖ ತಿರುಗಿಸುತ್ತದೆ. ಸುಳ್ಳು ಜಾಡಿನಲ್ಲಿ ಎಷ್ಟೋ ಸಲ ಆ ಓಲಾಟ ಇರುವುದಿಲ್ಲ. ಖಾಲಿ ಬಂದಾಗ ಹತ್ತು ಮೀಟರ್ ಮುಳುಗಿದ್ದ ಹಡಗು, ‘ಸುಮ್ಮನೆ ನಿಂತಿದ್ದು’ ಹೊರಡುವಾಗ ಇಪ್ಪತ್ತು ಮೀಟರ್ ಮುಳುಗಿರುತ್ತದೆ. ಅದೇ ದಿನದ ಉಪಗ್ರಹ ಚಿತ್ರದಲ್ಲಿ, ಅದು ಹೇಳಿಕೊಂಡ ಜಾಗದಲ್ಲಿ ಬರೀ ನೀರು.

ಮೂರನೇ ಪುಟದಲ್ಲಿ ‘ಹೆಸರು, ಧ್ವಜ ಬದಲಿಸಿ ಹಳೆಯ ಹಡಗು ಕಣ್ಮರೆಯಾಗುತ್ತದೆ’ ಎಂದಿದ್ದೀರಿ. ಹೆಸರು ಬದಲಾದರೂ ಐಎಂಒ (ಅಂತಾರಾಷ್ಟ್ರೀಯ ಕಡಲಯಾನ ಸಂಸ್ಥೆ) ಪದ್ಧತಿಯ ಏಳು ಅಂಕಿಯ ಗುರುತಿನ ಸಂಖ್ಯೆ ಬದಲಾಗದು. ನಾನು ಸುದ್ದಿಮನೆಗೆ ಹೊಸಬನಾಗಿದ್ದಾಗ ಹಿರಿಯರು ಹಾಕಿಕೊಟ್ಟ ರೂಢಿ ಇದು: ಕಾಪಿಯಲ್ಲಿ ಹಡಗಿನ ಹೆಸರು ಬಂದರೆ ಪಕ್ಕದಲ್ಲಿ ಪೆನ್ಸಿಲಿನಿಂದ ಆ ಸಂಖ್ಯೆ ಬರೆದು ಲೆಕ್ಕ ಹಾಕಬೇಕು. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿ. ಮೊತ್ತದ ಕೊನೆಯ ಅಂಕಿಯೇ ಏಳನೆಯ ಅಂಕಿ. ನೀವು ಕೊಟ್ಟದ್ದು 9123457. ಮೊತ್ತ 113, ಕೊನೆಯಲ್ಲಿ 3 ಇರಬೇಕಿತ್ತು, 7 ಇದೆ. ಆ ಸಂಖ್ಯೆಯ ಹಡಗು ಇರಲು ಸಾಧ್ಯವಿಲ್ಲ. ಲೆಕ್ಕ ಸರಿಹೋದರೂ ನೆಮ್ಮದಿಯಾಗಬೇಡಿ. ಗುಜರಿಗೆ ಹೋದ ಹಡಗಿನ ಸಂಖ್ಯೆಯನ್ನು ಹೊತ್ತು ತಿರುಗುವವೂ ಇವೆ. ಉಪಗ್ರಹ ಚಿತ್ರದಲ್ಲಿ ಉದ್ದ ಅಗಲ ಅಳೆದು ನೋಡಿ.

ಮಲೇಷ್ಯಾದ ಬಳಿ ಹಡಗಿಂದ ಹಡಗಿಗೆ ತೈಲ ದಾಟಿಸುವುದನ್ನು ‘ಒಂದು ರಾತ್ರಿಯ ಆಟ’ ಎಂದಿದ್ದೀರಿ. ಒಡಲುಗಳು ಒಂದಕ್ಕೊಂದು ತಾಗದಂತೆ ನಡುವೆ ಗಾಳಿ ತುಂಬಿದ ದೊಡ್ಡ ರಬ್ಬರ್ ಫೆಂಡರ್ ಇಳಿಬಿಟ್ಟು, ಹಗ್ಗ ಬಿಗಿದು, ಮೆದುಗೊಳವೆ ಜೋಡಿಸಿ ಅಷ್ಟು ತೈಲ ದಾಟಿಸಲು ಒಂದು ದಿನಕ್ಕೂ ಹೆಚ್ಚು ಬೇಕು. ಒಂದು ಹಡಗು ಏರುತ್ತದೆ, ಇನ್ನೊಂದು ಇಳಿಯುತ್ತದೆ. ಹಗ್ಗಗಳನ್ನು ಆಗಾಗ ಸಡಿಲಿಸಿ ಬಿಗಿಯುತ್ತಿರಬೇಕು. ಇದು ಆಟವಲ್ಲ, ಜೀವಕ್ಕೆ ಅಪಾಯದ ಕೂಲಿ. 2023ರ ಮೇ 1ರಂದು ಮಲೇಷ್ಯಾ ಕಡಲಲ್ಲಿ ‘ಪಾಬ್ಲೊ’ ಎಂಬ ಹಳೆಯ ಟ್ಯಾಂಕರ್ ಸ್ಫೋಟಿಸಿದಾಗ 28 ಜನರಲ್ಲಿ ಮೂವರು ಸಿಗಲೇ ಇಲ್ಲ. ‘ಕಣ್ಮರೆ’ ಎಂಬ ಪದ ನ್ಯಾಯವಾಗಿ ಸಲ್ಲಬೇಕಾದದ್ದು ಅವರಿಗೆ. ನಿಮ್ಮ ಲೇಖನದಲ್ಲಿ ಅವರ ಸುದ್ದಿಯೇ ಇಲ್ಲ.

ತಿದ್ದಿ ಕಳಿಸಿ. ಪ್ರತಿ ಹಡಗಿನ ಹೆಸರಿನ ಎದುರು ಐಎಂಒ ಸಂಖ್ಯೆ, ಉಪಗ್ರಹ ಚಿತ್ರದ ತಾರೀಖು, ಹೊತ್ತು ಬರೆದಿರಿ.