ಪಕ್ಕದ ಹೊಲದವರಿಗೆ ಬಂದ ಬರ ಪರಿಹಾರ ನಮಗೇಕೆ ಬರಲಿಲ್ಲ?

2021ರಲ್ಲಿ ತಾತ ತೀರಿಕೊಂಡ ಮೇಲೆ ಪಿಎಂ ಕಿಸಾನ್ ಹಣ ನಿಂತಿತು, 2023ರ ಬರ ಪರಿಹಾರವೂ ಬರಲಿಲ್ಲ, ಹೊಲ ಮಾಡುತ್ತಿರುವವರು ತಂದೆಯೇ, ಆದರೆ ಜಮೀನಿನ ದಾಖಲೆಯಾದ ಪಹಣಿ ಇನ್ನೂ ತಾತನ ಹೆಸರಿನಲ್ಲಿದೆ ಎಂದು ಬರೆದಿದ್ದೀರಿ. ಕಾರಣವನ್ನು ನೀವೇ ಹೇಳಿಬಿಟ್ಟಿದ್ದೀರಿ.

ನಾನು ಚಳ್ಳಕೆರೆ ಕಡೆಯವನು. ಶೇಂಗಾ ಬಿತ್ತಿ ಮುಗಿಲು ನೋಡುವ ಸೀಮೆ. ನಮ್ಮಲ್ಲಿ ಊರೂರಿನಲ್ಲೂ ಇದೇ ಗೋಳು. ಬಿತ್ತಿದವರು ಯಾರು ಎಂದು ಸರ್ಕಾರದ ಹಣ ಕೇಳುವುದಿಲ್ಲ. ಪಹಣಿಯ 9ನೇ ಕಾಲಂನಲ್ಲಿ, ಅಂದರೆ ಮಾಲೀಕರ ಕಾಲಂನಲ್ಲಿ, ಯಾರ ಹೆಸರಿದೆಯೋ ಅವರ ಆಧಾರ್ ಹುಡುಕುತ್ತದೆ. ಸತ್ತವರ ಹೆಸರು ಸಿಕ್ಕಿದರೆ ಅಲ್ಲಿಗೇ ನಿಲ್ಲುತ್ತದೆ.

ಆದ್ದರಿಂದ ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸಿ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಅರ್ಜಿ ಕೊಡಬೇಕು. ಕಷ್ಟವಿರುವುದು ಕಾಗದದಲ್ಲಲ್ಲ, ಅಣ್ಣತಮ್ಮಂದಿರನ್ನು ಒಪ್ಪಿಸುವುದರಲ್ಲಿ. ಬೆಂಗಳೂರಿನಲ್ಲಿರುವ ಚಿಕ್ಕಪ್ಪ 'ಯುಗಾದಿಗೆ ಬರುತ್ತೇನೆ, ಕೂತು ಮಾತಾಡೋಣ' ಎಂದರೆ ಒಂದು ವರ್ಷ ಹೋಯಿತೆಂದೇ ತಿಳಿಯಿರಿ. ಪಾಲು ಆಮೇಲೆ ಆಗಲಿ, ಸದ್ಯಕ್ಕೆ ಎಲ್ಲರ ಹೆಸರಿಗೂ ಜಂಟಿಯಾಗಿ ಮಾಡಿಸಿ.

ಖಾತೆಯಾದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ತಂದೆಯವರ ಹೆಸರಿಗೆ ಫ್ರೂಟ್ಸ್ (ರಾಜ್ಯದ ರೈತರ ನೋಂದಣಿ ವ್ಯವಸ್ಥೆ) ಗುರುತಿನ ಸಂಖ್ಯೆ ಮಾಡಿಸಿ. ಇರುವ ಸರ್ವೆ ನಂಬರುಗಳೆಲ್ಲ ಅದರಲ್ಲಿ ಸೇರಿವೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ. ಒಂದು ಬಿಟ್ಟುಹೋದರೆ ಆ ಹೊಲಕ್ಕೆ ಪರಿಹಾರವಿಲ್ಲ. ಬೆಳೆ ಸಮೀಕ್ಷೆಯಲ್ಲಿ ಶೇಂಗಾ ಇದ್ದ ಹೊಲ ಬೀಳು ಎಂದು ದಾಖಲಾಗಿದ್ದರೂ ಅದೇ ಕಥೆ. 2023ರ ಬರದಲ್ಲಿ ಮಳೆ ನಂಬಿದ ಖುಷ್ಕಿ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರ್ ಮಿತಿಗೆ. ಎಕರೆಗೆ ಲೆಕ್ಕ ಹಾಕಿದರೆ 3,400ರ ಆಸುಪಾಸು. ಬೀಜದ ಕಾಯಿ ಕೊಳ್ಳಲೂ ಸಾಕಾಗದ ದುಡ್ಡು. ಹಾಗೆಂದು ಬಿಡುವುದೇಕೆ?

ಪಿಎಂ ಕಿಸಾನ್‌ಗೆ ಪ್ರತ್ಯೇಕವಾಗಿ ಹೊಸ ಅರ್ಜಿ ಹಾಕಬೇಕು. 2019ರ ಫೆಬ್ರವರಿ 1ರ ನಂತರ ಹೆಸರಿಗೆ ಬಂದ ಜಮೀನು ನಡೆಯುವುದಿಲ್ಲ ಎಂದು ಯಾರಾದರೂ ವಾಪಸ್ ಕಳಿಸಿದರೆ ಸುಮ್ಮನೆ ಬರಬೇಡಿ. ಆ ನಿಯಮ ಕೊಂಡುಕೊಂಡವರಿಗೆ. ಮಾಲೀಕರು ತೀರಿಕೊಂಡು ವಾರಸುದಾರರಿಗೆ ಬಂದ ಜಮೀನಿಗೆ ವಿನಾಯಿತಿ ಇದೆ. ತಂದೆಯವರು ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಮಾತ್ರ ಆ ವರ್ಷದ 6,000 ರೂಪಾಯಿಯ ಆಸೆ ಬಿಡಿ.

ನಿಮಗಾದರೂ ದಾರಿ ಇದೆ. ಬೇರೆಯವರ ಹೊಲವನ್ನು ಗುತ್ತಿಗೆಗೆ ಮಾಡುವವರ ಪಾಡು ಇನ್ನೂ ಕೆಟ್ಟದ್ದು. ಕರ್ನಾಟಕದ ಭೂಸುಧಾರಣಾ ಕಾನೂನಿನಲ್ಲಿ ಗೇಣಿಗೆ ಕೊಡುವುದೇ ಬಹುಮಟ್ಟಿಗೆ ನಿಷಿದ್ಧ, ಹಾಗಾಗಿ ಎಲ್ಲ ಬಾಯಿಮಾತಿನ ಕರಾರು. ಬೆಳೆ ಒಣಗಿದ್ದು ಇವರದು, ಪರಿಹಾರ ಪಟ್ಟಣದಲ್ಲಿರುವ ಮಾಲೀಕರ ಮೊಬೈಲಿಗೆ. ಅದರಲ್ಲಿ ಅರ್ಧ ಕೊಟ್ಟವರನ್ನೂ ಕಂಡಿದ್ದೇನೆ, ಫೋನ್ ಎತ್ತದವರನ್ನೂ ಕಂಡಿದ್ದೇನೆ.

ಇನ್ನೊಂದು ವಿಷಯ: ತಂದೆಯವರ ಆಧಾರ್ ಯಾವ ಬ್ಯಾಂಕ್ ಖಾತೆಗೆ ಜೋಡಣೆಯಾಗಿದೆ ಎಂದು ಈಗಲೇ ವಿಚಾರಿಸಿಡಿ. ಹಣ ಬೀಳುವುದು ಅಲ್ಲಿಗೇ, ಪಾಸ್‌ಬುಕ್ ಕಳೆದುಹೋದ ಹಳೆಯ ಖಾತೆಯಾದರೂ ಸರಿ.