ಬೆಂಗಳೂರು ಹೆಸರಿನ ನಿಜವಾದ ಅರ್ಥವೇನು? ಮಗಳ ಭಾಷಣಕ್ಕೆ ಬೆಂದಕಾಳೂರಿನ ಕತೆ ಸಾಕಾ?

ಸಾಲದು. ಆ ಕತೆ ನಂಬಿಕೊಂಡು ನಾನೇ ಕೆಟ್ಟಿದ್ದೇನೆ.

ಹಿಂದೆ ವಾರದ ಕೊನೆಯಲ್ಲಿ ಚಿಕ್ಕಪೇಟೆ, ಕೋಟೆ ಅಂತ ಜನರನ್ನು ಸುತ್ತಾಡಿಸುವ ಗೈಡ್ ಕೆಲಸ ಮಾಡುತ್ತಿದ್ದೆ. ಹೊಯ್ಸಳ ವೀರಬಲ್ಲಾಳ ಬೇಟೆಗೆ ಬಂದು ದಾರಿ ತಪ್ಪಿದ, ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು ಅಂತ ಶುರು ಮಾಡಿದರೆ ಎಲ್ಲರಿಗೂ ಖುಷಿ. ಒಮ್ಮೆ ಒಂದು ಶಾಲೆಯ ಮೇಷ್ಟ್ರುಗಳು ಬಂದಿದ್ದರು. ಇತಿಹಾಸದ ಮೇಡಂ ಮೆಲ್ಲಗೆ ಕೇಳಿದರು, "ವೀರಬಲ್ಲಾಳ ಯಾವ ಕಾಲದವನಪ್ಪಾ?"

"12ನೇ ಶತಮಾನ ಮೇಡಂ."

"ಬೆಂಗಳೂರು ಅನ್ನೋ ಹೆಸರು ಕೆತ್ತಿರುವ ಬೇಗೂರು ಶಾಸನ?"

"ಕ್ರಿ.ಶ. 890ರ ಸುಮಾರು..." ಅಷ್ಟರಲ್ಲಿ ನನಗೇ ಹೊಳೆಯಿತು. ಆ ಶಾಲೆಯ ಮಕ್ಕಳ ಟ್ರಿಪ್ ನನಗೆ ಬರಬೇಕಿತ್ತು. ಬರಲಿಲ್ಲ.

ನೋಡಿ, ಇಸವಿ ಗೊತ್ತಿರಲಿಲ್ಲ ಅಂತಲ್ಲ. ಎರಡೂ ಬಾಯಿಪಾಠ. ಪೇಟೆಯಲ್ಲಿ ಅಜ್ಜಿ ಕತೆ, ಬೇಗೂರಿನಲ್ಲಿ ಶಾಸನದ ಕತೆ. ಎರಡನ್ನೂ ಒಂದೇ ದಿನ ಹೇಳಿದ್ದೇ ಇಲ್ಲ, ಪಕ್ಕಪಕ್ಕ ಇಟ್ಟು ನೋಡುವ ಪ್ರಮೇಯವೇ ಬರಲಿಲ್ಲ. ಬೇಗೂರಿನ ನಾಗನಾಥೇಶ್ವರ ದೇವಸ್ಥಾನದ ಆ ಕಲ್ಲು ಗಂಗರ ಕಾಲದ್ದು. 'ಬೆಂಗಳೂರು ಕಾಳಗ'ದಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿ ಸತ್ತ ಅಂತ ಅದರಲ್ಲಿದೆ. ಅಂದರೆ ಬಲ್ಲಾಳನಿಗೆ ಹಸಿವಾಗುವುದಕ್ಕೆ ಸುಮಾರು 300 ವರ್ಷ ಮೊದಲೇ ಊರಿಗೆ ಹೆಸರಿತ್ತು! ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟುವಾಗ ಅದು ಹಳೇ ಹೆಸರು.

'ನಿಜವಾದ ಅರ್ಥ' ಹುಡುಕುವುದನ್ನು ಬಿಟ್ಟುಬಿಡಿ. ಬೆಂಗ ಅಂದರೆ ಹೊನ್ನೆ ಮರ, ಅದರಿಂದ ಬಂತು ಅನ್ನುವವರಿದ್ದಾರೆ. ಬೆಣಚುಕಲ್ಲಿನಿಂದ ಅನ್ನುವವರಿದ್ದಾರೆ. ಬೆಂಗಾವಲಿನವರ ಊರು ಅನ್ನುವವರೂ ಇದ್ದಾರೆ. ಹೆಸರು ಸಿಕ್ಕಿದ್ದೇ ಕಾಳಗದ ಕಲ್ಲಿನಲ್ಲಿ, ಅದಕ್ಕೇ ನನಗೆ ಬೆಂಗಾವಲು ಇಷ್ಟ. ಆದರೆ ನನ್ನ ಇಷ್ಟ ಪುರಾವೆ ಆಗಲ್ಲ, ಅಲ್ವಾ? ಕಲ್ಲು ಹೆಸರನ್ನಷ್ಟೇ ಹೇಳುತ್ತದೆ, ಅರ್ಥ ಹೇಳುವುದಿಲ್ಲ.

ಮಗಳು ಶಾಸನದಿಂದ ಶುರು ಮಾಡಲಿ. ಅಜ್ಜಿ ಕತೆಯನ್ನು 'ಜನ ಹೀಗೂ ಹೇಳುತ್ತಾರೆ' ಅಂತ ಸೇರಿಸಿದರೆ ಯಾರೂ ತಕರಾರು ಮಾಡಲ್ಲ. ಒಂದು ಭಾನುವಾರ ಬೇಗೂರಿಗೇ ಕರೆದುಕೊಂಡು ಹೋಗಿ. ಕಸ್ತೂರ್ಬಾ ರಸ್ತೆಯ ಮ್ಯೂಸಿಯಂನಲ್ಲೂ ಒಂದು ಬೇಗೂರು ಕಲ್ಲಿದೆ, ಯುದ್ಧದ ಚಿತ್ರ ಕೆತ್ತಿರುವ ವೀರಗಲ್ಲು. ಚೆಂದ ಇದೆ, ಆದರೆ ಬೆಂಗಳೂರು ಕಾಳಗದ ಕಲ್ಲು ಅದಲ್ಲ. ಅದರ ಫೋಟೋ ಹಾಕಿ ಪೋಸ್ಟರ್ ಮಾಡಬೇಡಿ.